ಹೊಟ್ಟೆ ನೋಡಿ ಮೇವು ಹಾಕಿ: ಬೆಂಗಳೂರು ಸುತ್ತಿನ ಹೊಂಡಗಳಲ್ಲಿ ಮೀನುಮರಿ ಸಾಕುವ ಕ್ರಮ

ಎರಡು ಸೆಂಟಿಮೀಟರ್ ಉದ್ದದ ಗೆಂಡೆ ಮರಿಯೊಂದನ್ನು ಬಿಳಿ ಬಟ್ಟಲಿನ ನೀರಿಗೆ ಬಿಟ್ಟು ಬೆಳಕಿನಲ್ಲಿ ನೋಡಿ. ಕರುಳಿನ ಗೆರೆ ಚರ್ಮದ ಮೇಲಿಂದಲೇ ಕಾಣುತ್ತದೆ. ಗೆರೆ ಕೆಂಗಂದು ಬಣ್ಣಕ್ಕಿದ್ದರೆ ಮರಿ ನೀರಿನ ಹುಳ ತಿಂದಿದೆ. ಮಾಸಲು ಬಿಳುಪಾಗಿದ್ದರೆ ಅದು ನೀವು ಎರಚಿದ ಹಿಂಡಿ-ತೌಡು. ಹಸಿರಾಗಿದ್ದರೆ ಪಾಚಿ. ಗೆರೆಯೇ ಇಲ್ಲದೆ ಹೊಟ್ಟೆ ಗಾಜಿನ ಹಾಗೆ ಕಂಡರೆ ಮರಿ ಉಪವಾಸ ಇದೆ, ಹೊಂಡಕ್ಕೆ ನೀವು ದಿನಾ ಎಷ್ಟೇ ಸುರಿಯುತ್ತಿರಿ.

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಆನೇಕಲ್ ಕಡೆ ಕೃಷಿ ಹೊಂಡ ತೋಡಿಸಿದವರಲ್ಲಿ ಹಲವರು ಈಗ ಮೀನು ಬಿಡುತ್ತಿದ್ದಾರೆ. ಬಲಿತ ಮರಿ ಕೊಂಡು ತರುವ ಬದಲು ಸ್ಪಾನ್ (ಆಗಷ್ಟೇ ಬಾಯಿ ತೆರೆದ ಎಳೆಮರಿ) ತಂದು ತಾವೇ ಬೆಳೆಸಿದರೆ ಖರ್ಚು ಉಳಿಯುತ್ತದೆ ಎನ್ನುವ ಲೆಕ್ಕ ಸರಿಯಾದದ್ದೇ. ಆದರೆ ಸ್ಪಾನ್ ಹಂತದಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಉಳಿದರೆ ಒಳ್ಳೆಯ ಫಸಲು ಎನ್ನಬೇಕು. ಹತ್ತು ಕೂಡ ಉಳಿಯದ ಹೊಂಡಗಳಲ್ಲಿ ಬಹುಪಾಲು ಸೋತಿರುವುದು ರೋಗಕ್ಕಲ್ಲ, ಮೊದಲ ವಾರದ ಹೊಟ್ಟೆಗೆ. ಹಾಕಿದ ಮೇವು ಒಂದು ಲೆಕ್ಕ, ಮರಿ ತಿಂದ ಮೇವು ಇನ್ನೊಂದು ಲೆಕ್ಕ. ಇಲ್ಲಿ ಹೇಳುವುದೆಲ್ಲ ಎರಡನೆಯದರ ಬಗ್ಗೆ.

ಬಾಯಿ ಎಷ್ಟಗಲ, ತುತ್ತು ಎಷ್ಟಗಲ

ಮೊಟ್ಟೆಯೊಡೆದು ಸುಮಾರು ಮೂರು ದಿನ ಮರಿಗೆ ತನ್ನ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಊಟ. ಅದು ಕರಗುವ ಹೊತ್ತಿಗೆ ಮರಿ 6ರಿಂದ 8 ಮಿಲಿಮೀಟರ್ ಇರುತ್ತದೆ, ಬಾಯಿ ತೆರೆದಿರುತ್ತದೆ. ಇದನ್ನೇ ಸ್ಪಾನ್ ಎನ್ನುವುದು. ಬಾಯಿಯ ಅಗಲ ಅರ್ಧ ಮಿಲಿಮೀಟರಿಗಿಂತ ಕಿರಿದು. ಅದರೊಳಗೆ ಹಿಡಿಯುವುದು ರಾಟಿಫರ್ ಎಂಬ ಸೂಕ್ಷ್ಮಜೀವಿ (0.1ರಿಂದ 0.3 ಮಿ.ಮೀ.) ಮತ್ತು ಆಗಷ್ಟೇ ಹುಟ್ಟಿದ ಮೊಯಿನಾ ಹುಳ. ಬಲಿತ ಮೊಯಿನಾ ಒಂದು ಮಿಲಿಮೀಟರ್ ಹತ್ತಿರ ಬರುತ್ತದೆ, ಡಾಫ್ನಿಯಾ ಅದಕ್ಕಿಂತ ದೊಡ್ಡದು. ಮೊದಲ ನಾಲ್ಕು ದಿನ ಇವು ಹೊಂಡದ ತುಂಬ ಇದ್ದರೂ ಮರಿಗೆ ಉಪಯೋಗವಿಲ್ಲ. ಸೈಕ್ಲಾಪ್ಸ್ ಜಾತಿಯ ಹುಳವಂತೂ ಎಳೆ ಸ್ಪಾನಿಗೇ ಕಚ್ಚುತ್ತದೆ.

ಇನ್ನೊಂದು ಸಂಗತಿ ನೆನಪಿರಲಿ: ಗೆಂಡೆ ಜಾತಿಯ ಮೀನುಗಳಿಗೆ ಜಠರ ಇಲ್ಲ. ಗಂಟಲಿನಿಂದ ನೇರ ಕರುಳು. ಒಂದೇ ಸಲ ಹೊಟ್ಟೆ ತುಂಬ ತಿಂದು ನಿಧಾನಕ್ಕೆ ಅರಗಿಸಿಕೊಳ್ಳುವ ವ್ಯವಸ್ಥೆ ಅವಕ್ಕಿಲ್ಲ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನುತ್ತಿರಬೇಕು. ದಿನದ ಮೇವನ್ನು ಒಂದೇ ಹೊತ್ತಿಗೆ ಸುರಿದು ಕೆಲಸ ಮುಗಿಸುವವರ ಹೊಂಡದಲ್ಲಿ ಅರ್ಧ ಮೇವು ತಳಕ್ಕೆ ಹೋಗಿ ಕೊಳೆಯುವುದು ಇದೇ ಕಾರಣಕ್ಕೆ.

ದೊಡ್ಡವಾದ ಮೇಲೆ ಗೆಂಡೆ ಜಾತಿಗಳಲ್ಲಿ ಕಾಟ್ಲಾ ಮೇಲ್ನೀರಿನ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಹುಳ, ಪಾಚಿ) ಸೋಸಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೊಳೆಯಲ್ಲಿ. ಸಾಮಾನ್ಯ ಗೆಂಡೆ ತಳದ ಕೆಸರನ್ನೇ ಕೆದಕುತ್ತದೆ. ಆದರೆ ಎಳೆಯದರಲ್ಲಿ ಈ ಭೇದ ಇಲ್ಲ. ಹುಲ್ಲು ಗೆಂಡೆಯ ಮರಿ ಕೂಡ ಮೊದಲು ತಿನ್ನುವುದು ನೀರಿನ ಹುಳವನ್ನೇ. ಒಂದೂವರೆ-ಎರಡು ಸೆಂಟಿಮೀಟರ್ ದಾಟಿದ ಮೇಲೆ ಒಂದೊಂದು ಜಾತಿ ತನ್ನ ದಾರಿ ಹಿಡಿಯತೊಡಗುತ್ತದೆ.

ಸಾಮಾನ್ಯ ಗೆಂಡೆಯ ಮರಿ ತಳಕ್ಕಿಳಿಯುವುದನ್ನು ಗಾಜಿನ ತೊಟ್ಟಿಯಲ್ಲಿ ನೋಡಬೇಕು. ಬಾಯಿಯ ಅಕ್ಕಪಕ್ಕದ ಎರಡು ಜೊತೆ ಮೀಸೆಗಳಿಂದ ಮಣ್ಣನ್ನು ಮುಟ್ಟಿ ನೋಡುತ್ತದೆ, ತುಟಿಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಒಂದು ಗುಟುಕು ಕೆಸರು ಹೀರುತ್ತದೆ, ಒಳಗೇ ಹೊರಳಾಡಿಸಿ ಹುಳ ಉಳಿಸಿಕೊಂಡು ಮಣ್ಣನ್ನು ಉಗುಳುತ್ತದೆ. ಚಳಿ ದೇಶಗಳ ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಎಳೆಯ ಸ್ಟರ್ಜನ್ ಮೀನುಗಳು ಮೇಯುವ ರೀತಿಯೂ ಇದೇ. ಅವಕ್ಕೂ ನಾಲ್ಕು ಮೀಸೆ, ತಳಮುಖವಾದ ಚಾಚುವ ಬಾಯಿ. ಅವುಗಳ ಊಟ ಸೀಗಡಿಯಂಥ ಸಣ್ಣ ಚಿಪ್ಪುಹುಳ, ಎರೆಯಂಥ ಹುಳ, ಕೆಸರಿನ ಕೀಟಮರಿ. ಹೋಲಿಕೆ ಅಲ್ಲಿಗೆ ಮುಗಿಯಿತು. ಸ್ಟರ್ಜನ್‌ಗೆ ಜಠರ ಇದೆ, ತಣ್ಣೀರು ಬೇಕು, ಅದರ ಮೇವಿನಲ್ಲಿ ಪ್ರೋಟೀನ್ ಬಹಳ ಹೆಚ್ಚಿರಬೇಕು. ಹೊರದೇಶದ ಸ್ಟರ್ಜನ್, ಟ್ರೌಟ್ ಮೀನುಗಳಿಗೆ ಬರೆದ ಮೇವಿನ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಂಡು ನಮ್ಮ ಗೆಂಡೆಗೆ ಅನ್ವಯಿಸಿದರೆ ದುಡ್ಡೂ ನೀರೂ ಎರಡೂ ಕೆಡುತ್ತವೆ.

ಮರಿ ತರುವ ಮೊದಲು

ಮುಂದಿನ ಅಳತೆಗಳೆಲ್ಲ 100 ಚದರ ಮೀಟರ್ ನೀರಿನ ಹರವಿಗೆ, ಅಂದರೆ ಹತ್ತು ಮೀಟರ್ ಚೌಕದ ಹೊಂಡಕ್ಕೆ. ನಿಮ್ಮದು ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಗುಣಿಸಿಕೊಳ್ಳಿ. ಕೃಷಿ ಹೊಂಡ ಮೂರು ಮೀಟರ್ ಆಳ ಇರುತ್ತದೆ; ಸ್ಪಾನ್ ಸಾಕಲು ಪೂರ್ತಿ ತುಂಬಬೇಡಿ, ಒಂದರಿಂದ ಒಂದೂವರೆ ಮೀಟರ್ ನೀರು ಸಾಕು. ಆಳ ಹೆಚ್ಚಾದರೆ ತಳದ ನೀರು ತಣ್ಣಗಿರುತ್ತದೆ, ಪ್ಲಾಂಕ್ಟನ್ ಹರಡಿ ತೆಳುವಾಗುತ್ತದೆ, ಮರಿಗೆ ಮೇವು ಹುಡುಕುವುದೇ ಕೆಲಸವಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ತಳಕ್ಕೆ ಒಂದು ಪದರ ಹೊಲದ ಮಣ್ಣು ಹಾಸಿ. ಬರೀ ಪ್ಲಾಸ್ಟಿಕ್ ಮೇಲೆ ಕೆಸರು ಹುಳ ಕಟ್ಟುವುದಿಲ್ಲ, ಗೊಬ್ಬರದ ಸತ್ವವೂ ನಿಲ್ಲುವುದಿಲ್ಲ.

ಬೋರ್‌ವೆಲ್ ನೀರು ನೋಡಲು ತಿಳಿಯಾಗಿದ್ದರೂ ಆಗತಾನೆ ಬಂದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಇಂಗಾಲಾಮ್ಲ ಹೆಚ್ಚು. ಪೈಪಿನ ಬಾಯಿಗೆ ತೂತಿನ ತಗಡು ಕಟ್ಟಿ ಮೇಲಿಂದ ಮಳೆಯಂತೆ ಬೀಳಿಸಿ, ಮೂರು ದಿನ ಬಿಸಿಲಿಗೆ ಬಿಡಿ. ಕೆರೆ ನೀರು ಹಾಯಿಸುವುದಾದರೆ ನೊಣವೂ ನುಸುಳದ ದಟ್ಟ ಜಾಲರಿ ಬಟ್ಟೆಯಲ್ಲಿ ಸೋಸಿಯೇ ಬಿಡಿ. ಬೆಂಗಳೂರು ಸುತ್ತಿನ ಕೆರೆಗಳಲ್ಲಿ ಜಿಲೇಬಿ ಮೀನು ಇಲ್ಲದ ಕೆರೆ ಹುಡುಕುವುದೇ ಕಷ್ಟ. ಅದರ ನಾಲ್ಕು ಮರಿ ಒಳಬಂದರೆ ಮೂರು ತಿಂಗಳಲ್ಲಿ ಹೊಂಡ ಅವುಗಳದ್ದೇ. ಕಾವೇರಿ ನಲ್ಲಿ ನೀರನ್ನು ಮರಿ ಇರುವ ತೊಟ್ಟಿಗೆ ನೇರವಾಗಿ ಸುರಿಯಲೇಬೇಡಿ, ಕ್ಲೋರಿನ್ ಕಿವಿರನ್ನು ಸುಡುತ್ತದೆ.

ಸುಣ್ಣ ಎಲ್ಲರೂ ಹಾಕುತ್ತಾರೆಂದು ಹಾಕಬೇಡಿ. ಪಿಎಚ್ ಕಾಗದದಲ್ಲಿ ನೋಡಿ, 7ಕ್ಕಿಂತ ಕೆಳಗಿದ್ದರೆ ಎರಡು ಕಿಲೋ ಹಾಕಿ ಒಂದು ವಾರ ಬಿಡಿ. ನಮ್ಮ ಕಡೆಯ ಗಡುಸು ಬೋರ್ ನೀರು ಸಾಮಾನ್ಯವಾಗಿ 7.5ರ ಮೇಲೇ ಇರುತ್ತದೆ.

ಗೊಬ್ಬರದ ಲೆಕ್ಕ: ಕಡಲೆಕಾಯಿ ಹಿಂಡಿ ಏಳೂವರೆ ಕಿಲೋ, ಹಸಿ ಸಗಣಿ ಎರಡು ಕಿಲೋ, ಸಿಂಗಲ್ ಸೂಪರ್ ಫಾಸ್ಫೇಟ್ ಅರ್ಧ ಕಿಲೋ. ಒಟ್ಟಿಗೆ ಸುರಿಯುವುದಲ್ಲ. ಅರ್ಧ ಭಾಗವನ್ನು ಹಿಂದಿನ ದಿನ ಡ್ರಮ್ಮಿನಲ್ಲಿ ನೆನೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮರಿ ಬಿಡುವ ಎರಡು-ಮೂರು ದಿನ ಮೊದಲು ನೀರಿನ ಮೇಲೆಲ್ಲ ಎರಚಿ. ಉಳಿದರ್ಧವನ್ನು ಮರಿ ಬಿಟ್ಟ ಮೇಲೆ ನೀರಿನ ಬಣ್ಣ ನೋಡಿಕೊಂಡು ಎರಡು-ಮೂರು ಕಂತಿನಲ್ಲಿ ಹಾಕಿ. ಈ ದಿನಗಳ ಲೆಕ್ಕಕ್ಕೆ ಕಾರಣ ಇದೆ. ಗೊಬ್ಬರ ಬಿದ್ದ ನೀರಿನಲ್ಲಿ ಮೊದಲು ಏಳುವುದು ರಾಟಿಫರ್, ಅದರ ಹಿಂದೆ ಮೊಯಿನಾ, ಆಮೇಲೆ ಸೈಕ್ಲಾಪ್ಸ್. ಮೂರನೇ ದಿನದ ನೀರಿಗೆ ಸ್ಪಾನ್ ಬಿಟ್ಟರೆ ಮರಿ ಬೆಳೆದಂತೆ ತುತ್ತೂ ಬೆಳೆಯುತ್ತಾ ಹೋಗುತ್ತದೆ. ‘ಚೆನ್ನಾಗಿ ಹುಳ ಕಟ್ಟಲಿ’ ಎಂದು ಹತ್ತು ದಿನ ಕಾದರೆ ಕಟ್ಟುವುದು ದೊಡ್ಡ ಹುಳ, ಜೊತೆಗೆ ಮರಿ ತಿನ್ನುವ ಕೀಟಗಳು.

ಹೊಸ ಬೋರ್ ನೀರಿನಲ್ಲಿ ಪ್ಲಾಂಕ್ಟನ್ನಿನ ಬೀಜವೇ ಇರುವುದಿಲ್ಲ. ಚೆನ್ನಾಗಿರುವ ಬೇರೆ ಹೊಂಡದ ಹಸಿರು ನೀರನ್ನು ನಾಲ್ಕೈದು ಬಕೆಟ್ ತಂದು ದಟ್ಟ ಬಟ್ಟೆಯಲ್ಲಿ ಸೋಸಿ ಹಾಕಿದರೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತದೆ.

ಪ್ಲಾಂಕ್ಟನ್ ಸಾಕಷ್ಟಿದೆಯೇ ಎಂದು ತಿಳಿಯಲು ದುಬಾರಿ ಬಲೆ ಬೇಡ. ಸ್ಕ್ರೀನ್ ಪ್ರಿಂಟಿಂಗ್‌ಗೆ ಬಳಸುವ, ಇಂಚಿಗೆ 150ರಿಂದ 200 ಎಳೆಯ ನೈಲಾನ್ ಬಟ್ಟೆಯನ್ನು ಆಲಿಕೆಯ ಆಕಾರಕ್ಕೆ ಹೊಲಿಸಿ, ತುದಿಗೆ ಸಣ್ಣ ಗಾಜಿನ ಕೊಳವೆ ಕಟ್ಟಿ. ಹೊಂಡದ ಐದು ಕಡೆಯಿಂದ ಹತ್ತತ್ತು ಲೀಟರಿನ ಐದು ಬಕೆಟ್ ನೀರು ಅದರ ಮೂಲಕ ಹಾಯಿಸಿ. ಕೊಳವೆಗೆ ಒಂದು ಚಿಟಿಕೆ ಉಪ್ಪು ಹಾಕಿ ಅರ್ಧ ಗಂಟೆ ನಿಲ್ಲಿಸಿ. ತಳದಲ್ಲಿ ಒಂದರಿಂದ ಎರಡು ಮಿಲಿಲೀಟರ್ ಗಸಿ ನಿಂತರೆ ಸ್ಪಾನ್ ಬಿಡಬಹುದು. ಗಸಿ ಬರೀ ಹಸಿರಾಗಿದ್ದರೆ ಅದು ಪಾಚಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಂದುಬಣ್ಣದ, ಭೂತಗನ್ನಡಿಯಲ್ಲಿ ಕುಪ್ಪಳಿಸುವ ಚುಕ್ಕಿಗಳಿರಬೇಕು.

ಇನ್ನು ಕೀಟ. ಬೆನ್ನು ಕೆಳಗೆ ಮಾಡಿ ಹುಟ್ಟು ಹಾಕಿದಂತೆ ಈಜುವ ಒಂದು ಹುಳ ಇದೆ, ನೋಟೊನೆಕ್ಟಾ. ಮರಿಯನ್ನು ಹಿಡಿದು ಚುಚ್ಚಿ ರಸ ಹೀರುತ್ತದೆ. ಕೊಡತಿ ಹುಳದ ಮರಿಗಳು (ಏರೋಪ್ಲೇನ್ ಚಿಟ್ಟೆಯ ನೀರಿನ ಹಂತ) ಇನ್ನೊಂದು ಕಾಟ. ನೋಟೊನೆಕ್ಟಾ ಉಸಿರಿಗೆ ನೀರಿನ ಮೇಲಕ್ಕೆ ಬರಲೇಬೇಕು, ಅದೇ ಅದರ ದೌರ್ಬಲ್ಯ. ಅಗ್ಗದ ಬಟ್ಟೆ ಸೋಪು 180 ಗ್ರಾಂ ಬಿಸಿ ನೀರಿನಲ್ಲಿ ಕರಗಿಸಿ, ಅಗ್ಗದ ಅಡುಗೆ ಎಣ್ಣೆ 560 ಗ್ರಾಂ ಬೆರೆಸಿ ಮಜ್ಜಿಗೆಯಂತಾಗುವವರೆಗೆ ಕಡೆದು, ಮರಿ ಬಿಡುವ ಹಿಂದಿನ ದಿನ ಗಾಳಿ ಇಲ್ಲದ ಹೊತ್ತಿನಲ್ಲಿ ಮೇಲೆಲ್ಲ ಚೆಲ್ಲಿ. ಎಣ್ಣೆಯ ಪೊರೆ ಉಸಿರು ಕಟ್ಟಿಸುತ್ತದೆ. ಗಾಳಿ ಬೀಸಿದರೆ ಪೊರೆ ಒಂದು ಮೂಲೆಗೆ ಸರಿದು ಎಲ್ಲ ವ್ಯರ್ಥ. ಕಿವಿರಿನಿಂದ ಉಸಿರಾಡುವ ಕೊಡತಿ ಮರಿಗಳಿಗೆ ಎಣ್ಣೆ ತಾಗುವುದಿಲ್ಲ, ಅವನ್ನು ದಟ್ಟ ಬಲೆ ಎಳೆದೇ ತೆಗೆಯಬೇಕು.

ಮೊದಲ ಹದಿನೈದು ದಿನ

ಕಾಟ್ಲಾ, ರೋಹು, ಮೃಗಾಲ್ ಸ್ಪಾನ್ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸಿಗುತ್ತದೆ. ಸಾಮಾನ್ಯ ಗೆಂಡೆ ಅದರ ಹೊರಗೂ ಮರಿ ಮಾಡುತ್ತದೆ. ಬೆಂಗಳೂರಿಗೆ ಹತ್ತಿರವಾದ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇವೆ. ಹಂಗೇರಿ ಮೂಲದ ಅಮೂರ್ ಗೆಂಡೆಯನ್ನು ನಮ್ಮ ರಾಜ್ಯದಲ್ಲಿ ಹರಡಿದ್ದು ಈ ಎರಡನೆಯ ಕೇಂದ್ರ. ಮರಿ ತರುವ ಮೊದಲು ಅಲ್ಲಿಗೋ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೋ ಒಂದು ಸಲ ಹೋಗಿ ಬನ್ನಿ.

ಮಣ್ಣಿನ ಹೊಂಡಕ್ಕೆ ಚದರ ಮೀಟರಿಗೆ 300ರಿಂದ 500 ಸ್ಪಾನ್ ಬಿಡಬಹುದು. ಹೊಸಬರು 300 ದಾಟಬೇಡಿ. ನೂರು ಚದರ ಮೀಟರಿಗೆ ಮೂವತ್ತು ಸಾವಿರ ಆಯಿತು. ಈ ಹಂತದಲ್ಲಿ ಒಂದೇ ಜಾತಿ ಬಿಡಿ. ಚೀಲವನ್ನು ಹದಿನೈದು-ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಮರಿ ತಾವಾಗಿ ಈಜಿ ಹೊರಹೋಗಲು ಬಿಡಿ. ಬೆಳಿಗ್ಗೆ ಅಥವಾ ಸಂಜೆ.

ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ತೂಕದಲ್ಲಿ ಸಮಸಮ. ಒಂದು ಲಕ್ಷ ಸ್ಪಾನಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ ದಿನಕ್ಕೆ 1.2 ಕಿಲೋ. ನಮ್ಮ ಮೂವತ್ತು ಸಾವಿರಕ್ಕೆ ಅದು 180 ಗ್ರಾಂ, ಆಮೇಲೆ 360 ಗ್ರಾಂ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎನ್ನುವುದು ಪುಸ್ತಕದ ಲೆಕ್ಕ. ಮನೆಯವರು ಯಾರಾದರೂ ಹೊಂಡದ ಹತ್ತಿರವೇ ಇರುವುದಾದರೆ ಅದನ್ನೇ ನಾಲ್ಕು ಹೊತ್ತು ಮಾಡಿ, ಜಠರವಿಲ್ಲದ ಮೀನಿಗೆ ಅದೇ ಒಳ್ಳೆಯದು. ಹಿಂಡಿಯನ್ನು ಗಿರಣಿಯಲ್ಲಿ ಬೀಸಿಸಿ, ಮೈದಾ ಜರಡಿ ಹಿಡಿದು, ಮೊದಲ ವಾರ ತೆಳು ಬಟ್ಟೆಯಿಂದಲೂ ಸೋಸಿ. ಒಣಪುಡಿಯನ್ನು ಗಾಳಿ ಬರುವ ಕಡೆಯ ದಂಡೆಯಿಂದ ಎರಚಿದರೆ ಗಾಳಿಯೇ ಹರಡುತ್ತದೆ.

ಆದರೆ ಈ 180 ಗ್ರಾಮಿನಲ್ಲಿ ಮೊದಲ ನಾಲ್ಕು ದಿನ ಮರಿಯ ಹೊಟ್ಟೆಗೆ ಹೋಗುವುದು ಅತ್ಯಲ್ಪ. ಹೆಚ್ಚಿನ ಪಾಲು ನೀರಿಗೆ ಗೊಬ್ಬರವಾಗಿ ರಾಟಿಫರ್, ಮೊಯಿನಾಗಳಿಗೆ ಊಟವಾಗುತ್ತದೆ, ಅವು ಮರಿಗೆ ಊಟವಾಗುತ್ತವೆ. ಇದು ತಿಳಿದಿದ್ದರೆ ‘ಮರಿ ಸಣಕಲಾಗಿದೆ, ಹಿಂಡಿ ಹೆಚ್ಚಿಸೋಣ’ ಎನ್ನುವ ತಪ್ಪು ಮಾಡುವುದಿಲ್ಲ. ಮೊದಲ ವಾರ ಮರಿ ಸಣಕಲಾದರೆ ಬಟ್ಟೆಬಲೆಯಲ್ಲಿ ಮತ್ತೆ 50 ಲೀಟರ್ ಸೋಸಿ ಗಸಿ ನೋಡಿ. ಗಸಿ ಅರ್ಧ ಮಿಲಿಲೀಟರಿಗೆ ಇಳಿದಿದ್ದರೆ ಉಳಿಸಿಟ್ಟ ಗೊಬ್ಬರದ ಕಂತು ಹಾಕುವ ಸಮಯ ಬಂದಿದೆ.

ಅದರ ಜೊತೆಗೆ ಪಕ್ಕದಲ್ಲೊಂದು ಮೊಯಿನಾ ತೊಟ್ಟಿ ಇದ್ದರೆ ಧೈರ್ಯ. 500 ಲೀಟರಿನ ತೊಟ್ಟಿ, ಅರೆನೆರಳು, 12ರಿಂದ 18 ಗ್ರಾಂ ಬೇಕರಿ ಯೀಸ್ಟ್ ನೀರಿನಲ್ಲಿ ಕದಡಿ ಹಾಕಿ, ಒಂದು ಲೋಟದಷ್ಟು ಜೀವಂತ ಮೊಯಿನಾ ಬಿಡಿ. ಯೀಸ್ಟನ್ನು ಸುಮಾರು ಐದು ದಿನಕ್ಕೊಮ್ಮೆ ಮತ್ತೆ ಹಾಕಿ. ನೀರು ಪೂರ್ತಿ ತಿಳಿಯಾದರೆ ಅವುಗಳ ಹೊಟ್ಟೆ ಖಾಲಿ ಎಂದರ್ಥ. 24ರಿಂದ 31 ಡಿಗ್ರಿ ಅವಕ್ಕೆ ಹಿತ, ಬೆಂಗಳೂರಿನ ಹಗಲಿನ ಹವೆ ವರ್ಷದಲ್ಲಿ ಬಹುಕಾಲ ಹೊಂದುತ್ತದೆ. ಅಕ್ವೇರಿಯಂ ಪಂಪಿನಿಂದ ಗಾಳಿ ಬಿಡುವುದಾದರೆ ಏರ್‌ಸ್ಟೋನ್ ತೆಗೆದು ಬರೀ ಕೊಳವೆ ಇಳಿಬಿಡಿ. ಸಣ್ಣ ಗುಳ್ಳೆ ಅವುಗಳ ಚಿಪ್ಪಿನೊಳಗೆ ಸಿಕ್ಕಿಕೊಂಡು ಮೇಲೆ ತೇಲಿಸಿ ಸಾಯಿಸುತ್ತದೆ. ತೊಟ್ಟಿ ತುಂಬಿದ ಮೇಲೆ ದಿನಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಹಿಂಡಿಯ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಮೂಟೆಯ ಹಿಂಡಿಯಲ್ಲಿ ಹಳದಿ-ಹಸಿರು ಬೂಷ್ಟು ಕಂಡರೆ ಆ ಭಾಗ ಕೆರೆದು ಉಳಿದದ್ದು ಬಳಸುವ ಜಾಣತನ ಬೇಡ. ಆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್, ಅದು ಬಿಸಿಲಿಗೂ ಕುದಿತಕ್ಕೂ ಹೋಗುವುದಿಲ್ಲ, ಮರಿಯ ಈಲಿಯನ್ನು ಹಾಳು ಮಾಡುತ್ತದೆ. ತೌಡು ಕಮಟು ವಾಸನೆ ಬಂದರೂ ಅಷ್ಟೇ. ಹದಿನೈದು ದಿನಕ್ಕೆ ಬೇಕಾದಷ್ಟೇ ಕೊಳ್ಳಿ, ಮರದ ಹಲಗೆಯ ಮೇಲಿಡಿ.

ಹೊಟ್ಟೆ ಸೀಳಿ ನೋಡುವುದು

ಬಟ್ಟಲಿನಲ್ಲಿ ಗೆರೆ ನೋಡುವುದು ದಿನದ ಕೆಲಸ. ವಾರಕ್ಕೊಮ್ಮೆ ಹತ್ತು ಮರಿಗಳ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಊಹೆಗೆ ಜಾಗವೇ ಇರುವುದಿಲ್ಲ. ಊರಿನ ಹೈಸ್ಕೂಲಿನ ವಿಜ್ಞಾನ ಕೋಣೆಯಲ್ಲಿರುವ, ನೂರು ಪಟ್ಟು ಹಿಗ್ಗಿಸುವ ಸಾಮಾನ್ಯ ಸೂಕ್ಷ್ಮದರ್ಶಕ ಸಾಕು.

ಮರಿ ಹಿಡಿಯುವುದು ಬೆಳಿಗ್ಗೆ ಎಂಟರಿಂದ ಒಂಬತ್ತರ ಒಳಗೆ, ಮೇವು ಹಾಕುವ ಮುಂಚೆ. ಮೇವು ಹಾಕಿ ಒಂದು ಗಂಟೆಯ ಮೇಲೆ ಇನ್ನೊಂದು ಹತ್ತು. ಮೊದಲ ಗುಂಪು ಹೊಂಡ ತಾನಾಗಿ ಏನು ಕೊಡುತ್ತಿದೆ ಎಂದು ಹೇಳುತ್ತದೆ, ಎರಡನೆಯದು ನಿಮ್ಮ ಹಿಂಡಿ ಮುಟ್ಟಿದೆಯೇ ಎಂದು. ಒಂದೇ ಮೂಲೆಯಲ್ಲಿ ಹಿಡಿಯಬೇಡಿ. ಹಿಡಿದ ಮರಿಗಳನ್ನು ಮಂಜುಗಡ್ಡೆ ನೀರಿಗೆ ಹಾಕಿ, ಅಲುಗಾಟ ನಿಂತ ಕೂಡಲೇ ಫಾರ್ಮಲಿನ್‌ಗೆ. ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಹತ್ತೊಂಬತ್ತು ಪಾಲು. ತಡ ಮಾಡಿದರೆ ಸತ್ತ ಮೀನಿನ ಕರುಳೂ ತನ್ನೊಳಗಿನದನ್ನು ಅರಗಿಸುತ್ತಾ ಹೋಗುತ್ತದೆ. ಮೊದಲು ಕರಗುವುದು ಮೃದುವಾದ ರಾಟಿಫರ್, ಉಳಿಯುವುದು ಗಟ್ಟಿ ಚಿಪ್ಪು. ಆಗ ‘ಮರಿ ಬರೀ ಮೊಯಿನಾ ತಿಂದಿದೆ’ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಫಾರ್ಮಲಿನ್ ಕೆಲಸ ಹೊರಗೆ ಗಾಳಿಯಲ್ಲಿ, ಕೈಗವಸು ಹಾಕಿಕೊಂಡು. ಮಕ್ಕಳ ಕೈಗೆ ಕೊಡಬೇಡಿ.

ನೋಡುವಾಗ ಮರಿಯನ್ನು ನೀರಿನಲ್ಲಿ ತೊಳೆದು ಬಲಗಡೆಗೆ ಮಲಗಿಸಿ. ಸಣ್ಣ ಕತ್ತರಿಯ ತುದಿಯನ್ನು ಗುದದ್ವಾರದಲ್ಲಿಟ್ಟು ಗಂಟಲಿನವರೆಗೆ ಹೊಟ್ಟೆಯ ಚರ್ಮ ಮಾತ್ರ ಕತ್ತರಿಸಿ. ಕತ್ತರಿ ಆಳಕ್ಕಿಳಿದರೆ ಕರುಳು ಹರಿದು ಎಲ್ಲ ಚೆಲ್ಲುತ್ತದೆ. ಕರುಳನ್ನು ಎರಡು ಸೂಜಿಯಿಂದ ಬಿಡಿಸಿ, ಮುಂದಿನ ಮೂರನೇ ಒಂದು ಭಾಗ ಕತ್ತರಿಸಿಕೊಳ್ಳಿ. ಹಿಂದಿನ ಭಾಗದಲ್ಲಿರುವುದು ಅರೆದುಹೋಗಿರುತ್ತದೆ, ಗುರುತು ಹತ್ತುವುದಿಲ್ಲ. ಆ ತುಂಡನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಸೂಜಿಯಿಂದ ಒತ್ತಿದರೆ ಒಳಗಿನದು ಟೂತ್‌ಪೇಸ್ಟ್ ಹಾಗೆ ಹೊರಬರುತ್ತದೆ.

ಕಾಣುವುದು ಏನು? ಮುಂಭಾಗದಲ್ಲಿ ಮುಳ್ಳಿರುವ ಹೂಜಿಯಾಕಾರದ ತೆಳು ಕವಚ ರಾಟಿಫರ್. ಅಡ್ಡ ಮಡಚಿದ ಪಾರದರ್ಶಕ ಚಿಪ್ಪು, ಒಳಗೆ ಒಂದೇ ಕಪ್ಪು ಕಣ್ಣು ಮೊಯಿನಾ. ಗೆಣ್ಣುಗೆಣ್ಣಾದ ಬಾಲ, ಹಣೆಯ ನಡುವೆ ಒಂದು ಕೆಂಪು ಚುಕ್ಕೆ ಸೈಕ್ಲಾಪ್ಸ್. ಎರಡು ಸೆಂಟಿಮೀಟರ್ ದಾಟಿದ ಸಾಮಾನ್ಯ ಗೆಂಡೆಯಲ್ಲಿ ಕೆಂಪು ದಾರದ ತುಂಡಿನಂಥ ರಕ್ತಹುಳ, ಜೊತೆಗೆ ಮರಳಿನ ಕಣ ಸಿಗಬೇಕು. ಸಿಕ್ಕರೆ ಮರಿ ತಳ ಕೆದಕಲು ಕಲಿತಿದೆ ಎಂದರ್ಥ. ಆಕಾರವಿಲ್ಲದ ಹಳದಿ ಮುದ್ದೆ, ಅದರಲ್ಲಿ ಚಕ್ಕೆಗಳು ಕಂಡರೆ ಅದು ಹಿಂಡಿ-ತೌಡು.

ಎಣಿಕೆ ಸರಳವಾಗಿರಲಿ. ಹತ್ತು ಮರಿಯಲ್ಲಿ ಎಷ್ಟರಲ್ಲಿ ಯಾವ ಯಾವ ತಿನಿಸು ಸಿಕ್ಕಿತು ಎಂದು ಬರೆದುಕೊಳ್ಳಿ. ಉದಾಹರಣೆಗೆ ಏಳನೇ ದಿನ: ಮೊಯಿನಾ ಎಂಟರಲ್ಲಿ, ರಾಟಿಫರ್ ಮೂರರಲ್ಲಿ, ಹಿಂಡಿ ಐದರಲ್ಲಿ, ಖಾಲಿ ಒಂದು. ಇದು ಆರೋಗ್ಯದ ಹೊಂಡ. ಖಾಲಿ ಹೊಟ್ಟೆ ನಾಲ್ಕಕ್ಕೇರಿ, ಉಳಿದವುಗಳಲ್ಲಿ ಪಾಚಿಯೇ ತುಂಬಿದ್ದರೆ ನೀರಿನ ಹುಳ ಮುಗಿದಿದೆ. ಮೇವು ಹಾಕಿ ಒಂದು ಗಂಟೆ ಆದಮೇಲೂ ಹಿಂಡಿ ಒಂದೆರಡು ಮರಿಯಲ್ಲಷ್ಟೇ ಕಂಡರೆ ಪುಡಿ ದಪ್ಪವಾಗಿದೆ, ಇಲ್ಲವೇ ಹೊಂಡದಲ್ಲಿ ಗೊದಮೊಟ್ಟೆಗಳು ತುಂಬಿವೆ. ಗೊದಮೊಟ್ಟೆ ನಿಮ್ಮ ಹಿಂಡಿಗೆ ಮರಿಗಿಂತ ದೊಡ್ಡ ಗಿರಾಕಿ. ಕಪ್ಪೆ ಮೊಟ್ಟೆಯ ಸರ ಕಂಡ ದಿನವೇ ಕೋಲಿನಿಂದ ಎತ್ತಿ ಹೊರಹಾಕಿ.

ಫ್ರೈನಿಂದ ಬಿತ್ತನೆ ಮರಿಯವರೆಗೆ

ಹದಿನೈದು-ಇಪ್ಪತ್ತು ದಿನಕ್ಕೆ ಮರಿ 20ರಿಂದ 25 ಮಿಲಿಮೀಟರ್ ಆಗುತ್ತದೆ, ಇದನ್ನೇ ಫ್ರೈ ಎನ್ನುವುದು. ಆಗ ಬಿಡಿಸಿ ತೆಳುವು ಮಾಡದಿದ್ದರೆ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ. ಚದರ ಮೀಟರಿಗೆ 20 ಮರಿ, ಅಂದರೆ ನಮ್ಮ ಹೊಂಡಕ್ಕೆ ಎರಡು ಸಾವಿರ. ಈಗ ಜಾತಿ ಬೆರೆಸಬಹುದು. ಹುಲ್ಲು ಗೆಂಡೆ ಇದ್ದರೆ ಮೂರು ಸೆಂಟಿಮೀಟರ್ ದಾಟಿದ ಮೇಲೆ ವುಲ್ಫಿಯಾ, ಲೆಮ್ನಾ ಎಂಬ ಅಕ್ಕಿಕಾಳಿಗಿಂತ ಸಣ್ಣ ತೇಲುಗಿಡಗಳನ್ನು ಕೊಡಿ.

ಇಲ್ಲಿಂದ ಮೇವು ತಲೆಲೆಕ್ಕವಲ್ಲ, ತೂಕದ ಲೆಕ್ಕ. ಐವತ್ತು ಮರಿಯನ್ನು ನೀರಿರುವ ಬಕೆಟ್ಟಿಗೆ ಹಾಕಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬಕೆಟ್ಟಿನ ತೂಕ ಕಳೆಯಿರಿ. ಮರಿ ತಲಾ ಕಾಲು ಗ್ರಾಂ ಇದ್ದರೆ ಎರಡು ಸಾವಿರಕ್ಕೆ ಅರ್ಧ ಕಿಲೋ ಮೀನು. ಅದರ ಶೇಕಡ 10 ಎಂದರೆ ದಿನಕ್ಕೆ 50 ಗ್ರಾಂ ಮೇವು. ತಿಂಗಳ ಮೇಲೆ ತಲಾ ಮೂರು ಗ್ರಾಂ ಆಗಿ 1,500 ಉಳಿದಿದ್ದರೆ ನಾಲ್ಕೂವರೆ ಕಿಲೋ ಮೀನು; ಆಗ ಶೇಕಡ 6, ಅಂದರೆ 270 ಗ್ರಾಂ. ವಾರಕ್ಕೊಮ್ಮೆ ತೂಗದೆ ಈ ಲೆಕ್ಕ ನಡೆಯುವುದಿಲ್ಲ.

ಎರಚುವುದನ್ನು ಈಗ ನಿಲ್ಲಿಸಿ. ಹಿಂಡಿ-ತೌಡನ್ನು ನೀರು ಹಾಕಿ ಮುದ್ದೆಯ ಹಾಗೆ ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಿ, ಅಂಚಿರುವ ತಟ್ಟೆಯಲ್ಲಿಟ್ಟು ತಳದಿಂದ ಒಂದಡಿ ಮೇಲೆ ಹಗ್ಗದಿಂದ ಇಳಿಬಿಡಿ. ಹೊಂಡಕ್ಕೆ ನಾಲ್ಕು ತಟ್ಟೆ, ದಿನವೂ ಅದೇ ಜಾಗ, ಅದೇ ಹೊತ್ತು. ಮೂರನೇ ದಿನಕ್ಕೆ ಹಗ್ಗ ಅಲುಗಿದರೆ ಸಾಕು, ಮರಿ ಬಂದು ಸೇರುತ್ತವೆ. ಎರಡು ಗಂಟೆ ಬಿಟ್ಟು ತಟ್ಟೆ ಎತ್ತಿ. ಅರ್ಧ ಗಂಟೆಯೊಳಗೇ ಖಾಲಿಯಾಗುತ್ತಿದ್ದರೆ ನಾಳೆಗೆ ಹತ್ತರಲ್ಲೊಂದು ಪಾಲು ಹೆಚ್ಚಿಸಿ. ಎರಡು ಗಂಟೆ ಕಳೆದರೂ ಮಿಕ್ಕಿದ್ದರೆ ಕಾಲು ಭಾಗ ಕಡಿಮೆ ಮಾಡಿ, ತಟ್ಟೆ ತೊಳೆದು ಒಣಗಿಸಿ. ತೂಕದ ಲೆಕ್ಕಕ್ಕೂ ತಟ್ಟೆಗೂ ಜಗಳವಾದರೆ ತಟ್ಟೆಯ ಮಾತು ಕೇಳಿ.

ತಲೆ ದಪ್ಪ, ಮೈ ಸಣಕಲು ಆದ ಮರಿಗಳು ಹಸಿದಿವೆ. ಬೆಳಗಿನ ಐದೂವರೆಗೆ ಎಲ್ಲ ಮರಿಗಳೂ ನೀರಿನ ಮೇಲೆ ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ತೊಂದರೆ. ಮೇವು ಕೊಳೆತು ಆಮ್ಲಜನಕ ತಿಂದಿದೆ. ಇವೆರಡನ್ನೂ ಅದಲುಬದಲು ಮಾಡಿಕೊಂಡು, ಬಾಯಿ ತೆರೆದ ಮರಿಗೆ ಇನ್ನಷ್ಟು ಹಿಂಡಿ ಎರಚಿದವರ ಹೊಂಡ ಮಧ್ಯಾಹ್ನಕ್ಕೆ ಬೆಳ್ಳಗಾಗುತ್ತದೆ. ಅಂಥ ದಿನ ಮೇವು, ಗೊಬ್ಬರ ಎರಡೂ ಬಂದ್. ಪಂಪು ಹಾಕಿ ಅದೇ ನೀರನ್ನು ಮೇಲಿಂದ ಚಿಮ್ಮಿಸಿ, ಸಾಧ್ಯವಾದರೆ ತಾಜಾ ನೀರು ಕೊಡಿ. ಅಂಗೈಯನ್ನು ನೀರಿಗಿಳಿಸಿ ನೋಡಿ: ಒಂದಡಿಯ ಆಸುಪಾಸಿನಲ್ಲಿ ಕಾಣದಾದರೆ ಸರಿ, ಗೇಣುದ್ದಕ್ಕೇ ಮರೆಯಾದರೆ ನೀರು ದಪ್ಪವಾಗಿದೆ.

ಜುಲೈ-ಆಗಸ್ಟಿನಲ್ಲಿ ಬೆಂಗಳೂರಿನ ಮೋಡ ಮೂರು-ನಾಲ್ಕು ದಿನ ಕದಲುವುದಿಲ್ಲ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಕೊಡುವುದಿಲ್ಲ, ರಾತ್ರಿ ಮಾತ್ರ ತಪ್ಪದೆ ಉಸಿರಾಡುತ್ತದೆ. ಅಂಥ ದಿನ ಸಂಜೆಯ ಮೇವು ಬಿಟ್ಟುಬಿಡಿ. ಸೆಪ್ಟೆಂಬರ್-ಅಕ್ಟೋಬರಿನ ಜೋರು ಮಳೆಗೆ ಹೊಲದ ಕೆಮ್ಮಣ್ಣಿನ ನೀರು ಹೊಂಡಕ್ಕೆ ನುಗ್ಗದಂತೆ ಸುತ್ತ ಬದು ಹಾಕಿ. ಕೆಂಪು ರಾಡಿಯಲ್ಲಿ ಪ್ಲಾಂಕ್ಟನ್ ಏಳುವುದಿಲ್ಲ, ಮರಿಗೆ ತುತ್ತು ಕಾಣುವುದೂ ಇಲ್ಲ. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ನೀರು 20 ಡಿಗ್ರಿಯ ಹತ್ತಿರಕ್ಕಿಳಿದಾಗ ಗೆಂಡೆಯ ಹಸಿವು ಕುಗ್ಗುತ್ತದೆ. ಬೆಳಗಿನ ಮೇವನ್ನು ಹನ್ನೊಂದಕ್ಕೆ ಸರಿಸಿ, ಪ್ರಮಾಣ ಅರ್ಧಕ್ಕಿಳಿಸಿ.

ಮರಿ ಸಾಗಿಸುವ ಮುನ್ನ

ಎರಡರಿಂದ ಮೂರು ತಿಂಗಳಿಗೆ 8ರಿಂದ 10 ಸೆಂಟಿಮೀಟರಿನ ಬಲಿತ ಬಿತ್ತನೆ ಮರಿ ಕೈಗೆ ಬರುತ್ತದೆ. ಬೇರೆ ಹೊಂಡಕ್ಕೆ ಒಯ್ಯುವ ಅಥವಾ ಮಾರುವ ಹಿಂದಿನ ದಿನ ಮೇವು ನಿಲ್ಲಿಸಿ. ಮರಿಗಳನ್ನು ಹಿಡಿದು ಹಾಪಾ ಬಲೆಯಲ್ಲಿ (ನೀರಿನಲ್ಲಿ ಕಟ್ಟುವ ಪೆಟ್ಟಿಗೆಯಾಕಾರದ ಬಟ್ಟೆಬಲೆ) ಒಂದು ರಾತ್ರಿ ತಾಜಾ ನೀರಿನಲ್ಲಿ ಇಡಿ. ತುಂಬಿದ ಹೊಟ್ಟೆಯ ಮರಿ ಚೀಲದೊಳಗೆ ಹಿಕ್ಕೆ ಹಾಕುತ್ತದೆ, ಅಮೋನಿಯ ಏರುತ್ತದೆ, ತುಮಕೂರು ತಲುಪುವುದರೊಳಗೆ ಅರ್ಧ ಚೀಲ ತೇಲುತ್ತಿರುತ್ತದೆ. ಬೆಳಿಗ್ಗೆ ಹಾಪಾದಿಂದ ನಾಲ್ಕು ಮರಿ ತೆಗೆದು ಬಿಳಿ ಬಟ್ಟಲಿಗೆ ಬಿಡಿ. ಅರ್ಧ ಗಂಟೆ ಕಳೆದರೂ ಬಟ್ಟಲಿನ ತಳದಲ್ಲಿ ಹಿಕ್ಕೆಯ ಎಳೆ ಬೀಳದಿದ್ದರೆ ಚೀಲ ಕಟ್ಟಬಹುದು.